ಇಳಿಜಾರು ಹೊಂಡದ ಘನಫಲ: ನಾಲ್ಕು ಮೂಲೆಗಳ ಲೆಕ್ಕ

ಕೃಷಿ ಹೊಂಡ, ಗೋಕಟ್ಟೆ, ಇಂಗುಗುಂಡಿ ಮುಂತಾದ ಮಣ್ಣಿನ ಕಾಮಗಾರಿಗಳಲ್ಲಿ ಕೆಲಸದ ಪ್ರಮಾಣವನ್ನು ಘನ ಮೀಟರ್‌ಗಳಲ್ಲಿ ಲೆಕ್ಕ ಹಾಕಲಾಗುತ್ತದೆ. ಅಳತೆ ಪುಸ್ತಕದಲ್ಲಿ ಈ ಸಂಖ್ಯೆ ಕಡಿಮೆಯಾಗಿ ದಾಖಲಾದರೆ ಬೆವರು ಸುರಿಸಿದ ಕೂಲಿಕಾರರಿಗೆ ನಷ್ಟ. ಹೆಚ್ಚಾಗಿ ದಾಖಲಾದರೆ ಸಾರ್ವಜನಿಕ ಹಣಕ್ಕೆ ನಷ್ಟ. ಅಳತೆ ತೆಗೆಯುವುದು ತಾಂತ್ರಿಕ ಸಿಬ್ಬಂದಿಯ ಕರ್ತವ್ಯವಾದರೂ, ಕಾಮಗಾರಿಯ ವಿವರ ಸಭೆಯ ಮುಂದೆ ಬಂದಾಗ ಅದನ್ನು ಅರಿತು ಪ್ರಶ್ನಿಸುವುದು ಸದಸ್ಯರ ಹೊಣೆಗಾರಿಕೆ. ಟೇಪು ಹಿಡಿದು ತೆಗೆದ ಅಳತೆಗಳೆಲ್ಲ ಸರಿಯಾಗಿದ್ದರೂ ಘನಫಲ ತಪ್ಪಾಗಿರಬಹುದು. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಕತ್ತರಿಸಿದಾಗ ಹುಟ್ಟುವ ಆಕೃತಿಗಳು

ಸಮತಟ್ಟಾದ ಮುಖಗಳಿಂದ ಮಾತ್ರ ಸುತ್ತುವರಿದ ಘನಾಕೃತಿಗೆ ಬಹುಮುಖಿ ಎಂದು ಹೆಸರು. ಇಟ್ಟಿಗೆ, ಚೌಕ ಕಲ್ಲುಕಂಬ, ಪಿರಮಿಡ್ ಇವೆಲ್ಲ ಬಹುಮುಖಿಗಳೇ. ಸರಳವಾದ ಒಂದು ಬಹುಮುಖಿಯನ್ನು ಬೇರೆ ಬೇರೆ ರೀತಿಯಲ್ಲಿ ಕತ್ತರಿಸಿದರೆ ಆಕೃತಿಗಳ ಒಂದು ಕುಟುಂಬವೇ ಹುಟ್ಟುತ್ತದೆ. ಉದ್ದ, ಅಗಲ, ಎತ್ತರ ಮೂರೂ ಸಮನಾಗಿರುವ ಸಮಘನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಸಮಘನವನ್ನು ಎದುರುಬದುರಿನ ಎರಡು ಅಂಚುಗಳ ಮೂಲಕ ಓರೆಯಾಗಿ ಸೀಳಿದರೆ ಎರಡು ಬೆಣೆಗಳು ದೊರೆಯುತ್ತವೆ. ಪ್ರತಿ ಬೆಣೆಯೂ ಸಮಘನದ ಅರ್ಧ.

ಸಮಘನದ ಒಂದು ಮೂಲೆಯನ್ನು ತುದಿಯಾಗಿ ಇಟ್ಟುಕೊಂಡು, ಆ ಮೂಲೆಯನ್ನು ಮುಟ್ಟದ ಮೂರು ಮುಖಗಳನ್ನು ತಳಗಳನ್ನಾಗಿ ಮಾಡಿ ಕತ್ತರಿಸಿದರೆ ಮೂರು ಪಿರಮಿಡ್‌ಗಳು ದೊರೆಯುತ್ತವೆ. ಮೂರೂ ಒಂದೇ ಆಕಾರ, ಒಂದೇ ಗಾತ್ರ. ಆದ್ದರಿಂದ ಪ್ರತಿ ಪಿರಮಿಡ್ ಸಮಘನದ ಮೂರನೆಯ ಒಂದು ಪಾಲು.

ಸಮಘನದ ಎಂಟೂ ಮೂಲೆಗಳನ್ನು ಅಂಚುಗಳ ನಡುಬಿಂದುವಿನವರೆಗೆ ಕತ್ತರಿಸಿದರೆ 6 ಚೌಕಗಳು ಮತ್ತು 8 ತ್ರಿಕೋನಗಳುಳ್ಳ, 14 ಮುಖಗಳ ಆಕೃತಿ ಉಳಿಯುತ್ತದೆ. ಇದರ ಘನಫಲ ಮೂಲ ಸಮಘನದ ಆರರಲ್ಲಿ ಐದು ಪಾಲು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಹೆಸರಿನಲ್ಲಿ ಪ್ರಸಿದ್ಧವಾದ 13 ಬಹುಮುಖಿಗಳಲ್ಲಿ ಇದೂ ಒಂದು.

ಪಿರಮಿಡ್‌ನ ತುದಿಯನ್ನು ತಳಕ್ಕೆ ಸಮಾಂತರವಾಗಿ ಕತ್ತರಿಸಿ ತೆಗೆದರೆ ಉಳಿಯುವ ಭಾಗಕ್ಕೆ ಭಿನ್ನಕ ಎಂದು ಹೆಸರು. ಚೌಕದ ಅಚ್ಚಿನಲ್ಲಿ ಎರೆದ, ಒಂದು ಕಡೆ ಕಿರಿದಾದ ಬೆಲ್ಲ ಈ ಆಕೃತಿಯದು. ಇಳಿಜಾರು ಬದಿಗಳ ಚೌಕ ಹೊಂಡವೂ ಇದೇ ಆಕೃತಿಯದು. ವ್ಯತ್ಯಾಸವೆಂದರೆ ಅದು ತಲೆಕೆಳಗಾಗಿದೆ.

2. ಹೊಂಡದ ಒಂಬತ್ತು ತುಂಡುಗಳು

ಮೇಲ್ಭಾಗ 12 × 12 ಮೀಟರ್, ತಳ 6 × 6 ಮೀಟರ್, ಆಳ 3 ಮೀಟರ್ ಇರುವ ಹೊಂಡವನ್ನು ಪರಿಗಣಿಸೋಣ. ಇಲ್ಲಿ ಪಕ್ಕದ ಇಳಿಜಾರು 1:1. ಅಂದರೆ ಒಂದು ಮೀಟರ್ ಕೆಳಗಿಳಿದಂತೆ ಬದಿಯು ಒಂದು ಮೀಟರ್ ಒಳಗೆ ಸರಿಯುತ್ತದೆ. ತಳದ ನಾಲ್ಕು ಅಂಚುಗಳಿಂದ ನೇರವಾಗಿ ಮೇಲಕ್ಕೆ ಕತ್ತರಿಸಿದಂತೆ ಕಲ್ಪಿಸಿಕೊಂಡರೆ ಹೊಂಡವು ಒಂಬತ್ತು ತುಂಡುಗಳಾಗುತ್ತದೆ.

ನಡುವಿನ ಆಯತಘನ ಒಂದು: 6 × 6 × 3 = 108 ಘನ ಮೀಟರ್.

ನಾಲ್ಕು ಬದಿಗಳ ಬೆಣೆಗಳು ನಾಲ್ಕು: ಪ್ರತಿಯೊಂದೂ 6 × 3 × 3 ರ ಅರ್ಧ, ಅಂದರೆ 27. ಒಟ್ಟು 108 ಘನ ಮೀಟರ್.

ಮೂಲೆಯ ಪಿರಮಿಡ್‌ಗಳು ನಾಲ್ಕು: ಪ್ರತಿಯೊಂದೂ 3 ಮೀಟರ್ ಸಮಘನದ ಮೂರನೆಯ ಒಂದು ಪಾಲು, ಅಂದರೆ 9. ಒಟ್ಟು 36 ಘನ ಮೀಟರ್.

ಹೊಂಡದ ಘನಫಲ 108 + 108 + 36 = 252 ಘನ ಮೀಟರ್.

ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಬದಿಗಳನ್ನು ಅದೇ ಇಳಿಜಾರಿನಲ್ಲಿ ಕೆಳಕ್ಕೆ ಮುಂದುವರಿಸಿದರೆ 6 ಮೀಟರ್ ಆಳದಲ್ಲಿ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಆ ಪೂರ್ಣ ಪಿರಮಿಡ್‌ನ ಘನಫಲ 144 × 6 ÷ 3 = 288. ಅಗೆಯದೆ ಉಳಿದ ತುದಿಯ ಘನಫಲ 36 × 3 ÷ 3 = 36. ಕಳೆದರೆ ಮತ್ತೆ 252 ದೊರೆಯುತ್ತದೆ.

3. ರೂಢಿಯ ಲೆಕ್ಕಗಳು ತಪ್ಪುವ ಜಾಗ

ಇಂತಹ ಹೊಂಡಕ್ಕೆ ಎರಡು ಸುಲಭ ಲೆಕ್ಕಗಳು ಬಳಕೆಯಲ್ಲಿವೆ. ಮೊದಲನೆಯದು, ಮೇಲಿನ ಮತ್ತು ಕೆಳಗಿನ ಅಳತೆಗಳ ಸರಾಸರಿ ತೆಗೆದು ಗುಣಿಸುವುದು: 9 × 9 × 3 = 243. ಇದರಲ್ಲಿ 9 ಘನ ಮೀಟರ್ ಕಡಿಮೆ ಬರುತ್ತದೆ. ಎರಡನೆಯದು, ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳ ಸರಾಸರಿ ತೆಗೆದು ಆಳದಿಂದ ಗುಣಿಸುವುದು: 144 ಮತ್ತು 36 ರ ಸರಾಸರಿ 90; 90 × 3 = 270. ಇದರಲ್ಲಿ 18 ಘನ ಮೀಟರ್ ಹೆಚ್ಚು ಬರುತ್ತದೆ.

ನಡುವಿನ ಆಯತಘನವನ್ನೂ ಬದಿಯ ಬೆಣೆಗಳನ್ನೂ ಎರಡೂ ಲೆಕ್ಕಗಳು ಸರಿಯಾಗಿಯೇ ಎಣಿಸುತ್ತವೆ. ತಪ್ಪು ಇರುವುದು ನಾಲ್ಕು ಮೂಲೆಗಳಲ್ಲಿ ಮಾತ್ರ. ಮೂಲೆಯ ತುಂಡು ಸಮಘನದ ಮೂರನೆಯ ಒಂದು ಪಾಲು ಆಗಿರುವಾಗ ಮೊದಲ ಲೆಕ್ಕ ಅದನ್ನು ಕಾಲು ಪಾಲೆಂದೂ, ಎರಡನೆಯ ಲೆಕ್ಕ ಅರ್ಧ ಪಾಲೆಂದೂ ಎಣಿಸುತ್ತದೆ.

ಇದರಿಂದ ಒಂದು ಉಪಯುಕ್ತ ಅಂಶ ತಿಳಿಯುತ್ತದೆ. ಹೊಂಡದ ಉದ್ದ ಅಗಲಗಳು ಎಷ್ಟೇ ಇರಲಿ, ಆಳ 3 ಮೀಟರ್ ಮತ್ತು ಇಳಿಜಾರು 1:1 ಇದ್ದರೆ ಮೊದಲ ಲೆಕ್ಕದಲ್ಲಿ ಬಿಟ್ಟುಹೋಗುವುದು 9 ಘನ ಮೀಟರ್. ಇಂತಹ ಹತ್ತು ಹೊಂಡಗಳಲ್ಲಿ 90 ಘನ ಮೀಟರ್ ಅಗೆತದ ಕೂಲಿ ಲೆಕ್ಕಕ್ಕೇ ಬರುವುದಿಲ್ಲ.

ಇಳಿಜಾರನ್ನು ಗಮನಿಸದೆ ಮೇಲ್ಭಾಗದ ವಿಸ್ತೀರ್ಣವನ್ನು ಆಳದಿಂದ ಗುಣಿಸಿದರೆ 432 ಬರುತ್ತದೆ. ಅಗೆಯದ 180 ಘನ ಮೀಟರ್ ಮಣ್ಣಿಗೆ ಹಣ ಪಾವತಿಯಾದಂತೆ ಆಗುತ್ತದೆ.

4. ನಮ್ಮ ನಾಡಿನ ಹಳೆಯ ಸೂತ್ರ

ಈ ಸಮಸ್ಯೆಯನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಕ್ರಿ.ಶ. 628 ರಲ್ಲಿ ರಚಿತವಾದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತನು ಮೇಲಿನ ಎರಡೂ ಲೆಕ್ಕಗಳನ್ನು ಹೇಳಿ, ಅವೆರಡರಿಂದ ನಿಖರವಾದ ಫಲವನ್ನು ಪಡೆಯುವ ಕ್ರಮವನ್ನು ಕೊಟ್ಟಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೆಂದೇ ‘ಖಾತವ್ಯವಹಾರ’ ಎಂಬ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅಳತೆಗಳ ಸರಾಸರಿಯಿಂದ ಬರುವ ಫಲವನ್ನು ಅವನು ಕರ್ಮಾಂತಿಕವೆಂದೂ, ವಿಸ್ತೀರ್ಣಗಳ ಸರಾಸರಿಯಿಂದ ಬರುವುದನ್ನು ಔಂಡ್ರವೆಂದೂ, ನಿಖರವಾದುದನ್ನು ಸೂಕ್ಷ್ಮಫಲವೆಂದೂ ಕರೆದಿದ್ದಾನೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಸೂತ್ರ ಹೀಗಿದೆ: ಎರಡನೆಯ ಫಲದಿಂದ ಮೊದಲನೆಯ ಫಲವನ್ನು ಕಳೆಯಬೇಕು, ವ್ಯತ್ಯಾಸವನ್ನು ಮೂರರಿಂದ ಭಾಗಿಸಬೇಕು, ಬಂದುದನ್ನು ಮೊದಲನೆಯ ಫಲಕ್ಕೆ ಕೂಡಿಸಬೇಕು. ನಮ್ಮ ಹೊಂಡಕ್ಕೆ ಅನ್ವಯಿಸಿದರೆ 270 − 243 = 27; 27 ÷ 3 = 9; 243 + 9 = 252.

5. ಆಯತಾಕಾರದ ಹೊಂಡ ಮತ್ತು ಜಲ್ಲಿ ರಾಶಿ

ಮೇಲ್ಭಾಗ 16 × 12, ತಳ 10 × 6, ಆಳ 3 ಮೀಟರ್ ಇರುವ ಹೊಂಡದ ಬದಿಗಳನ್ನು ಕೆಳಕ್ಕೆ ಮುಂದುವರಿಸಿದರೆ ಅವು ಬಿಂದುವಿನಲ್ಲಿ ಕೂಡುವುದಿಲ್ಲ. 4 ಮೀಟರ್ ಉದ್ದದ ಒಂದು ಗೆರೆಯಲ್ಲಿ ಕೂಡುತ್ತವೆ. ನಾಲ್ಕು ಇಳಿಜಾರಿನ ಹೆಂಚಿನ ಛಾವಣಿಯನ್ನು ತಲೆಕೆಳಗು ಮಾಡಿದಂತಹ ಆಕೃತಿ ಇದು. ಆದ್ದರಿಂದ ಇದು ಪಿರಮಿಡ್‌ನ ಭಿನ್ನಕವಲ್ಲ. ಆದರೂ ಮೇಲಿನ ಸೂತ್ರ ಇಲ್ಲಿಯೂ ಯಥಾವತ್ತಾಗಿ ಅನ್ವಯಿಸುತ್ತದೆ, ಏಕೆಂದರೆ ಇದರಲ್ಲಿಯೂ ಇರುವುದು ಅದೇ ಬಗೆಯ ಒಂಬತ್ತು ತುಂಡುಗಳು. ಮೊದಲ ಫಲ 13 × 9 × 3 = 351. ಎರಡನೆಯ ಫಲ, 192 ಮತ್ತು 60 ರ ಸರಾಸರಿ 126 ನ್ನು 3 ರಿಂದ ಗುಣಿಸಿದಾಗ, 378. ವ್ಯತ್ಯಾಸ 27; ಅದರ ಮೂರನೆಯ ಪಾಲು 9. ನಿಖರ ಘನಫಲ 360 ಘನ ಮೀಟರ್.

ರಸ್ತೆ ಬದಿಯಲ್ಲಿ ಪೇರಿಸಿದ ಜಲ್ಲಿಯ ರಾಶಿ ಇದೇ ಆಕೃತಿಯನ್ನು ಮೇಲ್ಮುಖವಾಗಿ ಇಟ್ಟಂತೆ. ಬುಡ 5 × 3, ನೆತ್ತಿ 4 × 2, ಎತ್ತರ ಅರ್ಧ ಮೀಟರ್ ಇರುವ ರಾಶಿಯ ಘನಫಲ ಸುಮಾರು 5.67 ಘನ ಮೀಟರ್. ಬುಡದ ಅಳತೆಯನ್ನೇ ಎತ್ತರದಿಂದ ಗುಣಿಸಿದರೆ 7.5 ಎಂದು ಬರುತ್ತದೆ. ಗ್ರಾಮಕ್ಕೆ ಬಾರದ ಜಲ್ಲಿ ಲೆಕ್ಕದಲ್ಲಿ ಬಂದಿರುತ್ತದೆ.

6. ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಅ) ಅಳತೆ ಪುಸ್ತಕದಲ್ಲಿ ಮೇಲ್ಭಾಗದ ಉದ್ದ ಅಗಲಗಳ ಜೊತೆಗೆ ತಳದ ಉದ್ದ ಅಗಲಗಳೂ ದಾಖಲಾಗಿವೆಯೇ ಎಂಬುದನ್ನು ನೋಡತಕ್ಕದ್ದು. ತಳದ ಅಳತೆ ಇಲ್ಲದ ಇಳಿಜಾರು ಹೊಂಡದ ಘನಫಲವನ್ನು ಪರೀಕ್ಷಿಸಲು ಸಾಧ್ಯವಿಲ್ಲ.

ಆ) ನೆಲ ಸಮತಟ್ಟಾಗಿಲ್ಲದ ಕಡೆ ಆಳವನ್ನು ಹಲವು ಬಿಂದುಗಳಲ್ಲಿ ಅಳೆದು ಸರಾಸರಿ ತೆಗೆಯಲಾಗಿದೆಯೇ ಎಂದು ಕೇಳತಕ್ಕದ್ದು.

ಇ) ಅಗೆತವನ್ನು ಹೊಂಡದಲ್ಲಿಯೇ ಅಳೆಯಬೇಕು. ಅಗೆದ ಮಣ್ಣು ಸಡಿಲಗೊಂಡು ಹಿಗ್ಗುವುದರಿಂದ ದಂಡೆಯ ಮೇಲಿನ ರಾಶಿಯ ಅಳತೆ ಹೊಂಡದ ಅಳತೆಗಿಂತ ಹೆಚ್ಚು ತೋರಿಸುತ್ತದೆ.

ಈ) ಮೆಟ್ಟಿಲುಗಳಿರುವ ಹೊಂಡವಾದರೆ ಪ್ರತಿ ಹಂತವನ್ನೂ ಬೇರೆ ಹೊಂಡವೆಂದು ಭಾವಿಸಿ ಲೆಕ್ಕ ಮಾಡಿ, ಕೊನೆಗೆ ಕೂಡಿಸತಕ್ಕದ್ದು.

ಉ) ಯಾವ ಸೂತ್ರದಿಂದ ಘನಫಲ ಪಡೆಯಲಾಗಿದೆ ಎಂಬುದನ್ನು ಕೇಳಿ ತಿಳಿಯುವುದು ಸಿಬ್ಬಂದಿಯ ಮೇಲಿನ ಅನುಮಾನವಲ್ಲ. ಕೂಲಿಕಾರರಿಗೆ ಗ್ರಾಮಸಭೆಯಲ್ಲಿ ಉತ್ತರ ಹೇಳಬೇಕಾದ ಸದಸ್ಯರಿಗೆ ಆ ತಿಳಿವಳಿಕೆ ಅಗತ್ಯ.

ಅಭ್ಯಾಸ: ಮೇಲ್ಭಾಗ 14 × 11 ಮೀಟರ್, ತಳ 8 × 5 ಮೀಟರ್, ಆಳ 2 ಮೀಟರ್ ಇರುವ ಹೊಂಡದ ಘನಫಲವೆಷ್ಟು?

ಉತ್ತರ: ಮೊದಲ ಫಲ 176, ಎರಡನೆಯ ಫಲ 194, ವ್ಯತ್ಯಾಸ 18, ಅದರ ಮೂರನೆಯ ಪಾಲು 6. ನಿಖರ ಘನಫಲ 182 ಘನ ಮೀಟರ್. ಸದಸ್ಯರು ತಮ್ಮ ಕ್ಷೇತ್ರದಲ್ಲಿ ಪೂರ್ಣಗೊಂಡ ಒಂದು ಹೊಂಡವನ್ನು ಟೇಪಿನಿಂದ ಅಳೆದು, ಇದೇ ಕ್ರಮದಲ್ಲಿ ಲೆಕ್ಕ ಮಾಡಿ, ಅಳತೆ ಪುಸ್ತಕದ ನಮೂದಿನೊಂದಿಗೆ ಹೋಲಿಸಿ ನೋಡಬಹುದು.