ಹ್ಯಾಲೋವೀನ್ ಮನೆಯಲ್ಲೇ ಮಾಡೋಣ: ಮಕ್ಕಳ ಕೈಗೆ ಕೆಲಸ ಕೊಡುವ 12 ಸೂತ್ರಗಳು

ಅಕ್ಟೋಬರ್ ಬಂದರೆ ಅಮೆರಿಕದ ಅಂಗಡಿಗಳ ತುಂಬ ಪ್ಲಾಸ್ಟಿಕ್ ಅಸ್ಥಿಪಂಜರ, ಗಾಳಿ ತುಂಬಿದ ದೆವ್ವ, ಒಂದೇ ಸಂಜೆಗೆಂದು ಹೊಲಿದ ವೇಷಗಳು. ಎಲ್ಲವನ್ನೂ ಕೊಂಡರೆ ಕೈಯಲ್ಲಿನ ಹಣ ಖಾಲಿಯಾಗುತ್ತದೆ, ಮಕ್ಕಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಆದರೆ ಹ್ಯಾಲೋವೀನ್ ಹಬ್ಬದಲ್ಲಿ ಕೈಕೆಲಸ ಹಿಂದಿನಿಂದಲೂ ಇದೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳ್ಳಿಗರು ಟರ್ನಿಪ್ ಗಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಬಂದಾಗ ಇಲ್ಲಿ ದಂಡಿಯಾಗಿ ಸಿಕ್ಕಿದ್ದು ಕುಂಬಳಕಾಯಿ. ಕೊರೆಯಲೂ ಅದೇ ಸುಲಭ. ಮನೆಯಲ್ಲಿದ್ದದ್ದನ್ನು ಹಿಡಿದು, ಮನೆಮಂದಿಯೆಲ್ಲ ಕೂತು ಮಾಡುವ ಈ ಹಬ್ಬವನ್ನು ಹಾಗೇ ಆಚರಿಸಲು ಇಲ್ಲಿವೆ ಹನ್ನೆರಡು ಸೂತ್ರಗಳು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳನ್ನು ನೆನೆದು ಬರೆದದ್ದಾದರೂ, ಅಕ್ಟೋಬರ್ 31ಕ್ಕೆ ಮಕ್ಕಳನ್ನು ಸೇರಿಸುವ ಯಾವ ಮನೆಗೂ ಇವು ಒಗ್ಗುತ್ತವೆ.

1. ಕೆಲಸವನ್ನು ಎರಡು ವಾರಕ್ಕೆ ಹಂಚಿ

ಎಲ್ಲವನ್ನೂ ಕೊನೆಯ ಸಂಜೆಗೆ ಇಟ್ಟುಕೊಂಡರೆ ಅಪ್ಪ ಅಮ್ಮ ಮಾಡುತ್ತಾರೆ, ಮಕ್ಕಳು ನೋಡುತ್ತಾರೆ. ಅಕ್ಟೋಬರ್ ಮಧ್ಯದ ವಾರಾಂತ್ಯದಲ್ಲಿ ಕಾಗದದ ಕೆಲಸ ಮುಗಿಸಿ. ಮುಂದಿನ ವಾರಾಂತ್ಯಕ್ಕೆ ಬಟ್ಟೆಯ ದೆವ್ವ ಮತ್ತು ಕ್ಯಾಂಡಿ ತುಂಬುವ ಚೀಲ. 28 ಅಥವಾ 29ಕ್ಕೆ ಕುಂಬಳಕಾಯಿ. 31ರ ಸಂಜೆಗೆ ತಿಂಡಿ ಮಾತ್ರ ಉಳಿಯಲಿ. ದೀಪಾವಳಿಯೂ ಇದೇ ಹೊತ್ತಿಗೆ ಬರಬಹುದೆಂಬುದನ್ನು ಮರೆಯಬೇಡಿ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಅಂಥ ವರ್ಷ ಪಟ್ಟಿಯನ್ನು ಅರ್ಧಕ್ಕಿಳಿಸಿ.

2. ವಯಸ್ಸಿಗೆ ತಕ್ಕ ಕೆಲಸ ಕೊಡಿ

ಮೂರು ನಾಲ್ಕು ವರ್ಷದವರು ಅಂಟಿಸಲಿ, ಬಣ್ಣ ಬಳಿಯಲಿ. ಆರೇಳು ವರ್ಷದವರು ಮೊಂಡು ತುದಿಯ ಕತ್ತರಿ ಹಿಡಿಯಲಿ, ಕುಂಬಳದ ತಿರುಳು ತೆಗೆಯಲಿ. ಹತ್ತು ದಾಟಿದವರು ಮುಖದ ವಿನ್ಯಾಸ ಬರೆಯಲಿ, ನಿಮ್ಮೆದುರಿಗೇ ಕೆತ್ತಲು ಕಲಿಯಲಿ. ಸೊಟ್ಟಗಾದ ಕಣ್ಣು, ಒಂದು ಉದ್ದ ಒಂದು ಗಿಡ್ಡ ಕಿವಿ ಹಾಗೆಯೇ ಇರಲಿ. ಮಗು ಮಲಗಿದ ಮೇಲೆ ನೀವು ಕೂತು ತಿದ್ದಬೇಡಿ. ಮನೆಯಲ್ಲಿ ತೀರಾ ಸಣ್ಣವರಿದ್ದರೆ ದೆವ್ವಗಳೆಲ್ಲ ನಗಲಿ. ಅಂಜಿಕೆ ಎಷ್ಟಿರಬೇಕೆಂಬುದನ್ನು ಮನೆಯ ಕಿರಿಯ ಮಗುವಿನ ಧೈರ್ಯವೇ ಹೇಳಲಿ.

3. ಅಂಗಡಿಗೆ ಹೋಗುವ ಮೊದಲು ರೀಸೈಕಲ್ ಡಬ್ಬಿ ನೋಡಿ

ಅಲ್ಲಿ ಮೂರು ಅಲಂಕಾರಗಳಿಗೆ ಸಾಮಾನಿದೆ.

ಬಾವಲಿ: ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಗೆ ಕಪ್ಪು ಬಣ್ಣ ಬಳಿಯಿರಿ. ಒಣಗಿದ ಮೇಲೆ ಮೇಲ್ತುದಿಯನ್ನು ಮುಂದಿನಿಂದಲೂ ಹಿಂದಿನಿಂದಲೂ ಒಳಕ್ಕೆ ಒತ್ತಿದರೆ ಎರಡು ಕಿವಿ ತಾವಾಗಿಯೇ ಮೂಡುತ್ತವೆ. ಕಪ್ಪು ಕಾಗದದ ರೆಕ್ಕೆ ಅಂಟಿಸಿ.

ಜೇಡ: ಮೊಟ್ಟೆ ಟ್ರೇಯ ಒಂದು ಗುಳಿ ಕತ್ತರಿಸಿ ಬೋರಲು ಹಾಕಿ. ಪೈಪ್ ಕ್ಲೀನರ್‌ನ ಎಂಟು ಕಾಲು ಸಿಕ್ಕಿಸಿ. ಜೇಡಕ್ಕೆ ಆರಲ್ಲ, ಎಂಟು ಕಾಲು ಎಂಬುದೂ ಮಗುವಿಗೆ ತಿಳಿಯುತ್ತದೆ.

ದಾರಿದೀಪ: ಒಂದು ಗ್ಯಾಲನ್ ಹಾಲಿನ ಖಾಲಿ ಕ್ಯಾನ್ ತೊಳೆದು, ಕಪ್ಪು ಮಾರ್ಕರ್‌ನಿಂದ ದೆವ್ವದ ಮುಖ ಬರೆಯಿರಿ. ಹಿಂಬದಿಗೆ ಕಿಂಡಿ ಕೊರೆದು ಎಲ್‌ಇಡಿ ಸರ ಇಳಿಸಿ. ಗಾಳಿಗೆ ಉರುಳದಂತೆ ತಳಕ್ಕೆ ಒಂದು ಹಿಡಿ ಕಲ್ಲು ಹಾಕಿ ಬಾಗಿಲ ದಾರಿಯುದ್ದಕ್ಕೂ ಇಡಿ.

ಅಂಗಡಿಯಲ್ಲಿ ಸಿಗುವ ಹಿಂಜಿದ ನಾರಿನ ಜೇಡರಬಲೆಯನ್ನು ಗಿಡಗಳ ಮೇಲೆ ಹರಡಬೇಡಿ. ಹಕ್ಕಿಗಳೂ ಕೀಟಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಬಲೆ ಬೇಕೇ ಬೇಕೆಂದರೆ ಮನೆಯೊಳಗಿನ ಕಿಟಕಿಗೆ ಉಲ್ಲನ್ ದಾರದಿಂದ ಕಟ್ಟಿ.

4. ಗಂಜಿ ಹಾಕಿ ದೆವ್ವ ನಿಲ್ಲಿಸಿ

ಹತ್ತಿ ಸೀರೆಗೆ ಗಂಜಿ ಹಾಕಿ ಗೊತ್ತಿರುವವರಿಗೆ ಇದು ಸಲೀಸು. ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಕಪ್ ನೀರಿಗೆ ಹುಯ್ದು, ತಿಳಿಯಾಗಿ ಗಟ್ಟಿಯಾಗುವವರೆಗೆ ಕೈಯಾಡಿಸಿ. ಆರಲು ಬಿಡಿ. ಊದಿದ ಬಲೂನನ್ನು ಒಂದು ಬಾಟಲಿಯ ಬಾಯಿಗೆ ಕೂರಿಸಿ ಟೇಪ್ ಹಚ್ಚಿ. ಅದರ ಎರಡೂ ಪಕ್ಕಕ್ಕೆ ತಂತಿಯ ಕೈ ಚಾಚಿಸಿ. ತೆಳು ಜಾಳಿಗೆಯ ಬಿಳಿ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಮೇಲೆ ಹೊದಿಸಿ. ಒಂದು ದಿನ ಪೂರ್ತಿ ಒಣಗಬೇಕು. ಆಮೇಲೆ ಬಲೂನ್ ಒಡೆದು ಮೆಲ್ಲಗೆ ಎತ್ತಿ. ಒಳಗೆ ಏನೂ ಇಲ್ಲದೆ ಬಟ್ಟೆ ತಾನೇ ನಿಂತಿರುತ್ತದೆ. ಕಪ್ಪು ಕಾಗದದ ಕಣ್ಣು ಅಂಟಿಸಿದರೆ ಮುಗಿಯಿತು. ಮಳೆ, ಇಬ್ಬನಿಗೆ ಗಂಜಿ ಕರಗುವುದರಿಂದ ಇದನ್ನು ಒಳಗೇ ಇಡಿ.

5. ಎರಡು ಬಗೆಯ ಕುಂಬಳ ತನ್ನಿ

ಕೆತ್ತನೆಗೆಂದು ಮಾರುವ ದೊಡ್ಡ ಕುಂಬಳದ ತಿರುಳು ನಾರುನಾರು, ನೀರು ನೀರು. ಅಡುಗೆಗೆ ರುಚಿಸುವುದು ಪೈ ಪಂಪ್ಕಿನ್ ಎಂದು ಕರೆಯುವ ಪುಟ್ಟ ಕಾಯಿ. ನಮ್ಮ ಸಿಹಿಗುಂಬಳಕ್ಕೆ ಹತ್ತಿರವಾದ ಅದು ಹುಳಿ, ಪಲ್ಯ, ಕಡುಬು ಎಲ್ಲಕ್ಕೂ ಒದಗುತ್ತದೆ. ಕೆತ್ತುವ ಕಾಯಿಗೆ ತಳ ಸಮವಾಗಿರಲಿ, ಸಿಪ್ಪೆ ಎಲ್ಲೂ ಮೆತ್ತಗಿರದಿರಲಿ, ತೊಟ್ಟು ಗಟ್ಟಿಯಾಗಿರಲಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿದ ಜಾಗದಿಂದಲೇ ಕೊಳೆಯಲು ಶುರುವಾಗುತ್ತದೆ. ಹತ್ತಿರದಲ್ಲಿ ಕುಂಬಳದ ಹೊಲವಿದ್ದರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಿರಿ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳ ಬೆಳೆಯುವ ರಾಜ್ಯ ಇಲಿನಾಯ್. ಅಲ್ಲಿನ ಮಾರ್ಟನ್ ಎಂಬ ಊರು ತನ್ನನ್ನು ಜಗತ್ತಿನ ಕುಂಬಳಕಾಯಿ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ. ಬಳ್ಳಿಯ ಪಕ್ಕ ನಿಂತು ತಾನೇ ಆರಿಸಿದ ಕಾಯಿಯ ಮೇಲೆ ಮಗುವಿನ ಅಕ್ಕರೆಯೇ ಬೇರೆ.

6. ಕೆತ್ತನೆಗೆ ತಳದಿಂದ ಹೊರಡಿ

ಹೆಚ್ಚಿನವರು ತಲೆಯ ಮೇಲೆ ಮುಚ್ಚಳ ಕೊರೆಯುತ್ತಾರೆ. ಎರಡು ದಿನಕ್ಕೆ ಅದು ಒಣಗಿ ಒಳಕ್ಕೆ ಕುಸಿಯುತ್ತದೆ. ತಳದಲ್ಲೋ ಬೆನ್ನಿನಲ್ಲೋ ಕಿಂಡಿ ತೆಗೆಯಿರಿ. ಈ ಕೆಲಸ ದೊಡ್ಡವರದು. ಅಡುಗೆಮನೆಯ ದೊಡ್ಡ ಚಾಕುವಿಗಿಂತ ಗರಗಸದಂಥ ಹಲ್ಲಿರುವ ಪುಟ್ಟ ಕುಂಬಳದ ಚಾಕು ಸುರಕ್ಷಿತ, ಅದು ಜಾರುವುದು ಕಡಿಮೆ. ಮಕ್ಕಳು ದೊಡ್ಡ ಸೌಟಿನಿಂದ ಬೀಜ, ನಾರು ತೆಗೆಯಲಿ. ಮುಖ ಬರುವ ಕಡೆ ಗೋಡೆ ಒಂದು ಇಂಚು ದಪ್ಪಕ್ಕೆ ಬರುವಂತೆ ಕೆರೆಯಿರಿ. ಮುಖವನ್ನು ಮೊದಲು ಕಾಗದದ ಮೇಲೆ ಬರೆದು, ಕಾಯಿಗೆ ಅಂಟಿಸಿ, ಗೆರೆಯುದ್ದಕ್ಕೂ ಪಿನ್ನಿನಿಂದ ಚುಚ್ಚಿ. ಕಾಗದ ತೆಗೆದರೆ ಚುಕ್ಕಿ ಉಳಿಯುತ್ತದೆ, ಚುಕ್ಕಿ ಹಿಡಿದು ಕತ್ತರಿಸಿದರಾಯಿತು.

ಕೆತ್ತಿದ ಮೇಲೆ ಒಳಗನ್ನು ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ, ಬೂಷ್ಟು ತಡವಾಗಿ ಹಿಡಿಯುತ್ತದೆ. ಕತ್ತರಿಸಿದ ಅಂಚಿಗೆ ವ್ಯಾಸಲಿನ್ ಸವರಿದರೆ ಬೇಗ ಒಣಗುವುದಿಲ್ಲ. ಆದರೆ ವ್ಯಾಸಲಿನ್ ಬೆಂಕಿಗೆ ಉರಿಯುವ ವಸ್ತು, ಆದ್ದರಿಂದ ಒಳಗೆ ಬ್ಯಾಟರಿ ದೀಪವನ್ನಷ್ಟೇ ಇಡಿ. ಜೋಲಾಡುವ ವೇಷ ತೊಟ್ಟ ಮಕ್ಕಳು ಬಾಗಿಲಿಗೆ ಬರುವ ರಾತ್ರಿ ಮೇಣದಬತ್ತಿ ಬೇಡವೇ ಬೇಡ. ತಂಪು ಊರುಗಳಲ್ಲಿ ಕೆತ್ತಿದ ಕಾಯಿ ಮೂರರಿಂದ ಐದು ದಿನ ಚೆನ್ನಾಗಿರುತ್ತದೆ. ಟೆಕ್ಸಾಸ್, ಫ್ಲಾರಿಡಾದ ಸೆಕೆಯಲ್ಲಿ 30ಕ್ಕೆ ಕೆತ್ತುವುದೇ ವಾಸಿ. ಪುಟ್ಟ ಮಕ್ಕಳಿದ್ದರೆ ಕೆತ್ತುವುದನ್ನೇ ಬಿಟ್ಟು ಬಣ್ಣ ಬಳಿಸಿ. ಕೆತ್ತದ ಕಾಯಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ.

7. ಬೀಜ ಎಸೆಯಬೇಡಿ, ಹುರಿಯಿರಿ

ಬೀಜಕ್ಕೆ ಅಂಟಿದ ನಾರನ್ನು ನೀರಿನಲ್ಲಿ ಉಜ್ಜಿ ತೊಳೆಯಿರಿ. ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ. ಒದ್ದೆ ಉಳಿದರೆ ಗರಿಗರಿಯಾಗದು. ಒಂದು ಕಪ್ ಬೀಜಕ್ಕೆ ಒಂದು ಚಿಕ್ಕ ಚಮಚ ಎಣ್ಣೆ ಸವರಿ, 350 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ 15ರಿಂದ 20 ನಿಮಿಷ ಹುರಿಯಿರಿ. ನಡುವೆ ಒಮ್ಮೆ ಮಗುಚಿ. ಹೊರತೆಗೆದ ಕೂಡಲೇ ಅರ್ಧಕ್ಕೆ ಸಾರಿನ ಪುಡಿ, ಉಪ್ಪು ಹಾಕಿ. ಉಳಿದರ್ಧಕ್ಕೆ ಸಕ್ಕರೆ, ದಾಲ್ಚಿನ್ನಿ. ಪುಡಿಯನ್ನು ಮೊದಲೇ ಹಾಕಿದರೆ ಓವನ್‌ನಲ್ಲಿ ಸೀದು ಕಹಿಯಾಗುತ್ತದೆ.

8. ಮನೆಯ ತಿಂಡಿ ಮನೆಗೆ, ಬಾಗಿಲಿಗೆ ಪ್ಯಾಕೆಟ್

ಬಾಗಿಲಿಗೆ ಬರುವ ಅಪರಿಚಿತ ಮಕ್ಕಳಿಗೆ ಮನೆಯಲ್ಲಿ ಮಾಡಿದ ತಿನಿಸು ಕೊಡಬೇಡಿ. ಎಷ್ಟೇ ಪ್ರೀತಿಯಿಂದ ಮಾಡಿದ್ದರೂ ಹೆತ್ತವರು ಅದನ್ನು ಎಸೆಯುತ್ತಾರೆ. ಕಂಪನಿ ಮುಚ್ಚಿದ ಪ್ಯಾಕೆಟ್ಟನ್ನಷ್ಟೇ ತಿನ್ನಿ ಎಂದು ಇಲ್ಲಿ ಮಕ್ಕಳಿಗೆ ಕಲಿಸಿರುತ್ತಾರೆ. ಹಾಗೆಂದು ಕೈಕೆಲಸ ಬಿಡಬೇಕಿಲ್ಲ. ಲಾಲಿಪಾಪ್‌ನ ಹೊದಿಕೆ ತೆಗೆಯದೆ ಅದರ ತಲೆಗೆ ಬಿಳಿ ಟಿಶ್ಯೂ ಹೊದಿಸಿ, ಕುತ್ತಿಗೆಗೆ ದಾರ ಕಟ್ಟಿ, ಎರಡು ಕಣ್ಣು ಬರೆದರೆ ಪುಟ್ಟ ದೆವ್ವ. ಐದು ವರ್ಷದ ಮಗುವೂ ಇದನ್ನು ಸಾಲಾಗಿ ಮಾಡಿಟ್ಟೀತು. ಮನೆಯಲ್ಲೇ ಮಾಡಿದ ತಿಂಡಿ ಮನೆಯವರಿಗೆ, ಗುರುತಿನ ಗೆಳೆಯರ ಮಕ್ಕಳಿಗೆ ಇರಲಿ.

9. ಒಲೆ ಹಚ್ಚದ ನಾಲ್ಕು ತಿಂಡಿ ಕಲಿತಿರಿ

ಬಾಳೆಹಣ್ಣಿನ ದೆವ್ವ: ಹಣ್ಣನ್ನು ಅಡ್ಡಕ್ಕೆ ಎರಡು ಮಾಡಿ ನಿಲ್ಲಿಸಿ. ಚಾಕೊಲೇಟ್ ಚಿಪ್‌ನಿಂದ ಎರಡು ಕಣ್ಣು, ಒಂದು ತೆರೆದ ಬಾಯಿ. ಕಪ್ಪಾಗದಂತೆ ನಿಂಬೆರಸ ಸವರಿ.

ಕಿತ್ತಳೆಯ ಕುಂಬಳ: ಪುಟ್ಟ ಕಿತ್ತಳೆಯನ್ನು ಸುಲಿದು, ನೆತ್ತಿಗೆ ಸೆಲರಿ ಅಥವಾ ಸೌತೆಕಾಯಿಯ ಕಡ್ಡಿ ಚುಚ್ಚಿ. ತೊಟ್ಟು ಸಮೇತ ಕುಂಬಳಕಾಯಿ ಸಿದ್ಧ.

ಇಡ್ಲಿಯ ಕಣ್ಣು: ಬೆಳಗ್ಗೆ ಬೇಯಿಸಿಟ್ಟ ಮಿನಿ ಇಡ್ಲಿಯ ಮೇಲೆ ಗಜ್ಜರಿಯ ತೆಳು ಬಿಲ್ಲೆ, ಅದರ ಮೇಲೆ ಕಪ್ಪು ಆಲಿವ್ ಚೂರು. ತಟ್ಟೆಗೆ ಬೀಟ್‌ರೂಟ್ ಚಟ್ನಿ ಹರಡಿ ಮೇಲೆ ಕೂರಿಸಿದರೆ ಮಕ್ಕಳು ಕಿರುಚಿಕೊಂಡೇ ತಿನ್ನುತ್ತಾರೆ.

ಚಕ್ಕುಲಿಯ ಬಲೆ: ದೀಪಾವಳಿಗೆಂದು ಮಾಡಿದ ಚಕ್ಕುಲಿ ಡಬ್ಬಿಯಲ್ಲಿದ್ದರೆ ಅದೇ ಜೇಡರಬಲೆ. ನಡುವೆ ಒಂದು ಕಪ್ಪು ದ್ರಾಕ್ಷಿ ಇಡಿ.

ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್, ಇಡಿ ದ್ರಾಕ್ಷಿಹಣ್ಣು, ಗಟ್ಟಿ ಕ್ಯಾಂಡಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

10. ಒಂದು ಬಿಸಿ ತಿಂಡಿ ಸಾಕು: ಪನೀರ್ ಮಮ್ಮಿ

ಇಲ್ಲಿ ಸಾಸೇಜಿಗೆ ಹಿಟ್ಟಿನ ಪಟ್ಟಿ ಸುತ್ತಿ, ಬಟ್ಟೆ ಸುತ್ತಿಟ್ಟ ಹಳೆಯ ಶವದಂಥ ಮಮ್ಮಿ ಮಾಡುತ್ತಾರೆ. ಸಸ್ಯಾಹಾರಿ ಮನೆಗೆ ಪನೀರ್ ಅಷ್ಟೇ ಚೆನ್ನ. ಬೆರಳುದ್ದದ ಪನೀರ್ ತುಂಡಿಗೆ ಉಪ್ಪು, ಅಚ್ಚಖಾರದ ಪುಡಿ, ನಿಂಬೆರಸ ಸವರಿ. ಫ್ರೀಜರ್‌ನಿಂದ ತೆಗೆದು ಸಡಿಲವಾದ ಪಫ್ ಪೇಸ್ಟ್ರಿಯನ್ನು ಅರ್ಧ ಇಂಚಿನ ಪಟ್ಟಿಯಾಗಿ ಕತ್ತರಿಸಿ, ಬ್ಯಾಂಡೇಜಿನಂತೆ ಅಡ್ಡಾದಿಡ್ಡಿ ಸುತ್ತಿ. ಕಣ್ಣಿಗೆ ಜಾಗ ಬಿಡಿ. 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೊಂಬಣ್ಣ ಬರುವವರೆಗೆ, ಸುಮಾರು 15ರಿಂದ 18 ನಿಮಿಷ ಬೇಯಿಸಿ. ಆಮೇಲೆ ಆಲಿವ್ ಚೂರಿನ ಕಣ್ಣು. ಕ್ಯಾಂಡಿಗಾಗಿ ಮನೆ ಮನೆ ಸುತ್ತಲು ಹೊರಡುವ ಮುನ್ನವೇ ಇದನ್ನು ತಿನ್ನಿಸಿ. ಹೊಟ್ಟೆ ತುಂಬಿದ ಮಗು ದಾರಿಯಲ್ಲಿ ಕ್ಯಾಂಡಿಗೆ ಕೈ ಹಾಕುವುದು ಕಡಿಮೆ.

11. ಲೇಬಲ್ ಓದಿ, ಎಲ್ಲ ಮಕ್ಕಳಿಗೂ ಜಾಗ ಮಾಡಿ

ಮಾರ್ಷ್‌ಮ್ಯಾಲೋ, ಗಮ್ಮಿ, ಹಲವು ಕಂಪನಿಗಳ ಕ್ಯಾಂಡಿ ಕಾರ್ನ್‌ನಲ್ಲಿ ಜೆಲಾಟಿನ್ ಇರುತ್ತದೆ. ಅದನ್ನು ತೆಗೆಯುವುದು ಹಂದಿ, ದನಗಳ ಚರ್ಮ ಮತ್ತು ಮೂಳೆಯಿಂದ. ಮಾಂಸ ತಿನ್ನದ ಮನೆಯವರು ಜೆಲಾಟಿನ್ ಬದಲು ಪೆಕ್ಟಿನ್ ಬಳಸಿದ ಮಿಠಾಯಿ ಹುಡುಕಿ. ಕಡಲೆಕಾಯಿ, ಹಾಲು, ಎಳ್ಳಿನ ಅಲರ್ಜಿ ಇರುವ ಮಕ್ಕಳಿಗೆ ಈ ರಾತ್ರಿ ಇನ್ನೂ ಕಷ್ಟದ್ದು. ಅವರಿಗಾಗಿಯೇ ಹುಟ್ಟಿದ್ದು ಟೀಲ್ ಪಂಪ್ಕಿನ್. ಕುಂಬಳಕ್ಕೆ ಹಸಿರುನೀಲಿ ಬಣ್ಣ ಬಳಿದು ಬಾಗಿಲಲ್ಲಿಟ್ಟರೆ, ಈ ಮನೆಯಲ್ಲಿ ತಿನಿಸಲ್ಲದ ಉಡುಗೊರೆಯೂ ಇದೆ ಎಂದು ಅರ್ಥ. 2012ರಲ್ಲಿ ಟೆನೆಸ್ಸಿಯ ಒಂದು ಊರಿನಲ್ಲಿ ಶುರುವಾದ ಈ ರೂಢಿಯನ್ನು ಫೇರ್ ಎಂಬ ಆಹಾರ ಅಲರ್ಜಿ ಸಂಸ್ಥೆ 2014ರಲ್ಲಿ ದೇಶಕ್ಕೆಲ್ಲ ಹಬ್ಬಿಸಿತು. ಒಂದು ಬೋಗುಣಿಯಲ್ಲಿ ಪೆನ್ಸಿಲ್, ಸ್ಟಿಕರ್, ಹೊಳೆಯುವ ಕಡ್ಡಿ ಇಟ್ಟರೆ ಸಾಕು, ಯಾವ ಮಗುವೂ ನಿಮ್ಮ ಬಾಗಿಲಿಂದ ಬರಿಗೈಯಲ್ಲಿ ಹೋಗುವುದಿಲ್ಲ.

12. ಚೀಲ ಹಳೆಯದಿರಲಿ, ಹೊಳೆಯಲಿ

ಕ್ಯಾಂಡಿ ಕೂಡಿಸಲು ಪ್ಲಾಸ್ಟಿಕ್ ಬಕೆಟ್ಟಿಗಿಂತ ಹಳೆಯ ದಿಂಬಿನ ಚೀಲ ಮೇಲು. ಗಟ್ಟಿ, ಹಗುರ, ಒಗೆಯಬಹುದು. ಅರ್ಧ ಆಲೂಗಡ್ಡೆಯಲ್ಲಿ ಬಾವಲಿಯ ಅಚ್ಚು ಕೊರೆದು ಬಟ್ಟೆಯ ಬಣ್ಣದಲ್ಲಿ ಅದ್ದಿ ಒತ್ತಲು ಮಕ್ಕಳಿಗೆ ಕೊಡಿ. ಬೆಳಕು ಬಿದ್ದರೆ ಹೊಳೆಯುವ ಟೇಪನ್ನು ಚೀಲಕ್ಕೂ ವೇಷದ ಬೆನ್ನಿಗೂ ಅಂಟಿಸಿ, ಕಾರು ಓಡಿಸುವವರಿಗೆ ದೂರದಿಂದಲೇ ಕಾಣುತ್ತದೆ. ಮುಖವಾಡ ಅಕ್ಕಪಕ್ಕದ ನೋಟ ಮರೆಮಾಡುತ್ತದೆ, ಬದಲಿಗೆ ಮುಖಕ್ಕೆ ಬಣ್ಣ ಹಚ್ಚಿ. ಕೈಯಲ್ಲಿ ಯುನಿಸೆಫ್‌ನ ಕಾಣಿಕೆ ಡಬ್ಬಿಯೂ ಇರಲಿ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಈ ರೂಢಿಯಲ್ಲಿ ಮಕ್ಕಳು ಬೇರೆ ದೇಶದ ಮಕ್ಕಳಿಗಾಗಿ ಚಿಲ್ಲರೆ ಕೂಡಿಸುತ್ತಾರೆ. ಕೇಳುವುದರ ಜೊತೆಗೆ ಕೊಡುವುದನ್ನೂ ಕಲಿಯಲು ಇದಕ್ಕಿಂತ ಒಳ್ಳೆಯ ರಾತ್ರಿ ಸಿಗದು.

ಮರುದಿನ ನವೆಂಬರ್ 1, ನಮ್ಮ ಕನ್ನಡ ರಾಜ್ಯೋತ್ಸವ. ಕಾಗದ, ಕತ್ತರಿ, ಅಂಟು ಇನ್ನೂ ಮೇಜಿನ ಮೇಲೇ ಇರುತ್ತವೆ. ಕಪ್ಪು ಬಾವಲಿಗಳನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟು, ಅದೇ ಮಕ್ಕಳಿಂದ ಹಳದಿ, ಕೆಂಪು ಬಾವುಟ ಮಾಡಿಸಿ. ಬಣ್ಣ ಬಳಿಯದ ಕುಂಬಳವನ್ನು ತುಂಡರಿಸಿ ಗೊಬ್ಬರದ ಗುಂಡಿಗೆ ಹಾಕಿ, ಪೈ ಪಂಪ್ಕಿನ್ನನ್ನು ಹುಳಿಗೆ ಹೆಚ್ಚಿ.

ಹನ್ನೆರಡನ್ನೂ ಒಂದೇ ವರ್ಷ ಮಾಡಬೇಕಿಲ್ಲ. ಪಟ್ಟಿಯನ್ನು ಮಕ್ಕಳ ಮುಂದೆ ಓದಿ, ಒಬ್ಬೊಬ್ಬರು ಒಂದೊಂದು ಆರಿಸಲಿ. ತಾನು ಆರಿಸಿ ತಾನೇ ಮಾಡಿದ್ದನ್ನು ಮಗು ಬಾಗಿಲಿಗೆ ಬಂದವರಿಗೆಲ್ಲ ತೋರಿಸುತ್ತದೆ. ಅಂಗಡಿಯಿಂದ ತಂದ ಯಾವ ದೆವ್ವಕ್ಕೂ ಆ ಭಾಗ್ಯವಿಲ್ಲ.