ನೆನೆಸಿದ ಬೀಜ, ಆರುವ ಹಸಿ

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು, ಒಣಬೇಸಾಯ. ಹೋದ ಹಿಂಗಾರಿಯಲ್ಲಿ ಬಿತ್ತಿದ ಕಡಲೆ ಸಾಲಿನಾಗ ಅಲ್ಲೊಂದು ಇಲ್ಲೊಂದು ಹುಟ್ಟಿತು. ನೆನೆಸಿ ಬಿತ್ತಿದರ ಚಲೋ ಹುಟ್ಟತಾವ ಅಂತ ಒಬ್ಬರು ಅಂತಾರ. ನೆನೆಸಿದರ ಬೀಜ ಕೆಡತಾವ ಅಂತ ನಮ್ಮಪ್ಪ ಅಂತಾರ. ಯಾವುದು ಖರೆ? ತೊಗರಿಗೂ ಮಾಡಬಹುದಾ?

ಉತ್ತರ: ಎರಡೂ ಖರೆ. ನೆನೆಸಿ ಹಾಗೇ ಬಿಟ್ಟರೆ ಬೀಜ ಕೆಡುತ್ತದೆ. ಹೊತ್ತು ನೋಡಿ ನೆನೆಸಿ, ಬೇರು ಇಣುಕುವ ಮೊದಲೇ ತೆಗೆದು ನೆರಳಲ್ಲಿ ಆರಿಸಿದರೆ ಅದೇ ಬೀಜ ಹೊಲದಲ್ಲಿ ಬೇಗ ಹುಟ್ಟುತ್ತದೆ.

ಒಂದು ಹಿಡಿ ಕಡಲೆಯನ್ನು ಬಟ್ಟಲಲ್ಲಿ ನೆನೆಹಾಕಿ ನೋಡಿ. ಮೊದಲ ಕೆಲವು ತಾಸು ಬೀಜ ಗಟಗಟನೆ ನೀರು ಹೀರಿ ಉಬ್ಬುತ್ತದೆ. ಆಮೇಲೆ ಹೀರುವುದು ನಿಧಾನವಾಗುತ್ತದೆ. ಹೊರಗೆ ಏನೂ ನಡೆದಂತೆ ಕಾಣುವುದಿಲ್ಲ, ಒಳಗೆ ಮಾತ್ರ ಬಹಳ ಕೆಲಸ. ಕೂಡಿಟ್ಟ ತಿಂಗಳುಗಳಲ್ಲಿ ಜೀವಕೋಶಗಳಿಗೆ ಆದ ಹಾನಿ ದುರಸ್ತಿಯಾಗುತ್ತದೆ, ಕಿಣ್ವಗಳು ಎಚ್ಚರಗೊಳ್ಳುತ್ತವೆ, ಬೇಳೆಯಲ್ಲಿರುವ ಆಹಾರ ಕರಗಲು ಶುರುವಾಗುತ್ತದೆ. ಇದಾದ ಮೇಲೆಯೇ ಬೇರು ಹೊರಡುವುದು. ಬೇರು ಹೊರಡುವ ತನಕ ಬೀಜವನ್ನು ಒಣಗಿಸಿದರೂ ಅದು ಬದುಕುತ್ತದೆ, ಮಾಡಿದ ಕೆಲಸದ ಬಹುಪಾಲು ಉಳಿದಿರುತ್ತದೆ. ಬೇರು ಹೊರಟ ಮೇಲೆ ಒಣಗಿದರೆ ಸತ್ತಿತೆಂದೇ ತಿಳಿಯಿರಿ. ನಿಮ್ಮ ತಂದೆ ಹೆದರುವುದು ಇದಕ್ಕೇ ಇರಬೇಕು.

ನಿಮ್ಮ ಭಾಗದಲ್ಲಿ ಇದು ಏಕೆ ಮುಖ್ಯ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಬಹಳ ಕಡೆ ಎರೆಮಣ್ಣಿನ ಕೆಳಗೇ ಸುಣ್ಣಕಲ್ಲಿನ ಹಾಸು. ನಿಮ್ಮ ಮನೆಯ ಪರಸಿ ಬಂದದ್ದೂ ಅದರಿಂದಲೇ. ಮಣ್ಣು ತೆಳುವಾಗಿರುವಲ್ಲಿ ಹಸಿ ನಿಲ್ಲುವುದು ಕಡಿಮೆ. ಚಿಂಚೋಳಿಯ ಎತ್ತರದ ಕೆಂಪು ಜಂಬಿಟ್ಟಿಗೆ ನೆಲ ಇನ್ನೂ ಬೇಗ ಆರುತ್ತದೆ. ಹಿಂಗಾರಿ ಬೆಳೆಗೆ ಮುಂದೆ ಮಳೆಯ ಭರವಸೆ ಇಲ್ಲ, ನೆಲದಲ್ಲಿ ಉಳಿದ ಹಸಿಯೇ ಆಧಾರ. ಆ ಹಸಿ ದಿನದಿನವೂ ಕೆಳಗಿಳಿಯುತ್ತದೆ. ಒಣ ಬೀಜ ಮಣ್ಣಿನೊಳಗೆ ನೀರು ಕುಡಿಯುತ್ತ ಕೂರುವ ಹೊತ್ತಿಗೆ ಮೇಲ್ಪದರ ಆರಿರುತ್ತದೆ. ಆ ನೀರನ್ನು ಮನೆಯಲ್ಲೇ ಕುಡಿಸಿದರೆ ಬೇರು ಇಳಿಯುವ ಹಸಿಯ ಬೆನ್ನು ಹಿಡಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಈ ಪದ್ಧತಿಗೆ ತಕ್ಕ ಬೆಳೆಗಳು ಹಿಂಗಾರಿ ಕಡಲೆ ಮತ್ತು ಬಿಳಿಜೋಳ. ಮುಂಗಾರಿನ ತೊಗರಿಗೆ ಲಾಭ ಸಿಗುವುದು ಬಿತ್ತಿದ ಮೇಲೆ ಮಳೆ ಕೈಕೊಟ್ಟ ವರ್ಷ. ಮಿರಗದ ಮಳೆ ಹದವಾಗಿ ಬಿದ್ದ ವರ್ಷ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ.

ಕಡಲೆಗೆ ಬರೀ ನೀರು ಸಾಕು. ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವ್ ಹ್ಯಾರಿಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಭಾರತದ ಒಣಪ್ರದೇಶಗಳ ರೈತರ ಜೊತೆ ಕಡಲೆ, ಮೆಕ್ಕೆಜೋಳ, ಭತ್ತಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಕಡಲೆಯನ್ನು ರಾತ್ರಿ ಸುಮಾರು 8 ತಾಸು ನೆನೆಸಿ, ಮೇಲಿನ ತೇವ ಆರಿಸಿ ಬಿತ್ತುವುದು, ಅಷ್ಟೇ. ಬಾಂಗ್ಲಾದೇಶದ ಬರಿಂದ್ ಸೀಮೆಯಲ್ಲಿ, ಭತ್ತ ಕೊಯ್ದ ಗದ್ದೆಯ ಆರುವ ಹಸಿಯಲ್ಲಿ ಬೆಳೆವ ಕಡಲೆಗೂ ಇದು ಒಗ್ಗಿತು.

ತೊಗರಿಗೆ ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ಅಂದರೆ ಲೀಟರ್ ನೀರಿಗೆ 20 ಗ್ರಾಂ. ಒಂದು ತಾಸು ನೆನೆಸಿ, ಸುಮಾರು 7 ತಾಸು ನೆರಳಲ್ಲಿ ಒಣಗಿಸಬೇಕು. ಕ್ಯಾಲ್ಸಿಯಂ ಜೀವಕೋಶದ ಪೊರೆಯನ್ನು ಗಟ್ಟಿ ಮಾಡುವುದರಿಂದ ಸಸಿ ಒಣಹವೆಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ಹಿಂಗಾರಿ ಜೋಳಕ್ಕೂ ಇದೇ ದ್ರಾವಣ. ನೆನೆಸುವುದು ಮಾತ್ರ 8 ತಾಸು.

ಇದು ಹೊಸ ವಿದ್ಯೆಯೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯದ ಬೀಜವನ್ನು ಏಳು ರಾತ್ರಿ ಮಂಜಿನಲ್ಲಿಟ್ಟು ಹಗಲು ಬಿಸಿಲಿಗೆ ಒಣಗಿಸಬೇಕೆಂದಿದೆ. ಕಾಯಿಯೊಳಗಿನ ಕಾಳುಗಳಿಗೆ ಮೂರು ಅಥವಾ ಐದು ರಾತ್ರಿ ಸಾಕು. ಕಾಳಿಗೆ ಕಡಿಮೆ ಹೊತ್ತು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ.

ಎಚ್ಚರ ಬೇಕಾದ ಕಡೆ ಹೇಳಿಬಿಡುತ್ತೇನೆ. ಪಾಕೀಟಿನಲ್ಲಿ ಬಣ್ಣ ಹಚ್ಚಿ ಬರುವ ಬೀಜಕ್ಕೆ ಔಷಧ ಸವರಿರುತ್ತದೆ, ಅದನ್ನು ನೆನೆಸಬೇಡಿ. ಟ್ರೈಕೋಡರ್ಮಾ, ರೈಜೋಬಿಯಂ ಹಚ್ಚುವುದಿದ್ದರೆ ಬೀಜ ಆರಿದ ಮೇಲೆ, ಬಿತ್ತುವ ಮುಂಚೆ, ನೆರಳಲ್ಲೇ ಹಚ್ಚಿ. ತೊಗರಿಯ ನೆಟೆ ರೋಗಕ್ಕೆ ನೆನೆಸುವುದು ಮದ್ದಲ್ಲ. ನೀರು ನಿಲ್ಲುವ ಎರೆಹೊಲಕ್ಕೂ ಇದರಿಂದ ಉಪಯೋಗವಿಲ್ಲ, ಅಲ್ಲಿ ಬೇಕಾದದ್ದು ಬಸಿಗಾಲುವೆ. ಹುಳು ತಿಂದ ಹಳೆಯ ಬೀಜವನ್ನು ನೆನೆಸಿ ಉಳಿಸಲಾಗದು. ಅದಕ್ಕೆ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ನೋಡಿಕೊಳ್ಳಿ.

ಕಡಲೆ ನೆನೆಸುವ ಹೊತ್ತನ್ನೂ ನಿಮ್ಮ ಬೀಜದ ಮೇಲೆಯೇ ಪರೀಕ್ಷಿಸಬಹುದು. ನಾಲ್ಕು ಬಟ್ಟಲಲ್ಲಿ 6, 8, 10, 12 ತಾಸು ನೆನೆಸಿ, ತೆಗೆದು ಒರೆಸಿ ಬಟ್ಟೆಯ ಮೇಲೆ ಹರಡಿ. ಮತ್ತೆ ನೀರು ಕೊಡದಿದ್ದರೂ ಯಾವುದರಲ್ಲಿ ಬೇರು ಇಣುಕುತ್ತದೋ ಆ ಹೊತ್ತು ಅತಿಯಾಯಿತು, ಅದಕ್ಕಿಂತ ಕಡಿಮೆ ಹೊತ್ತು ನೆನೆಸಿ. ಈ ಸಲ ಹೊಲವೆಲ್ಲ ಬೇಡ, ಎರಡು ಕೂರಿಗೆ ಸಾಲು ನೆನೆಸಿದ ಬೀಜ, ಪಕ್ಕದಲ್ಲೇ ಎರಡು ಸಾಲು ಒಣ ಬೀಜ ಬಿತ್ತಿ. ಎಂಟನೆಯ ದಿನ ತಂದೆಯವರನ್ನೂ ಕರೆದುಕೊಂಡು ಹೋಗಿ ಸಸಿ ಎಣಿಸಿ.