ಪರರ ಕೆರೆಯ ಕೆಳಗಿನ ತೋಟ

ಕೈಯಲ್ಲಿರುವ ಫೋನಿನ ತೆರೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಡುತ್ತೇವೆ. ಸಣ್ಣ ಚಕ್ರವೊಂದು ಒಂದೆರಡು ಸುತ್ತು ತಿರುಗುತ್ತದೆ. ಹೊಸ ಸುದ್ದಿಗಳು ಸಾಲಾಗಿ ಬಂದು ನಿಲ್ಲುತ್ತವೆ. ದಿನಕ್ಕೆ ಎಷ್ಟೋ ಸಲ ಮಾಡುವ ಈ ಕೆಲಸದಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಆದರೆ ಈ ಉಪಾಯ ಯಾವುದೋ ದೊಡ್ಡ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದುದಲ್ಲ. ಲಾರೆನ್ ಬ್ರಿಕ್ಟರ್ ಎಂಬ ಅಮೆರಿಕದ ತರುಣರೊಬ್ಬರು ಟ್ವಿಟರ್ ಓದುವುದಕ್ಕೆಂದು ತಾವೇ ರಚಿಸಿದ 'ಟ್ವೀಟೀ' ಎಂಬ ಆ್ಯಪಿನಲ್ಲಿ ಅದು 2009ರಲ್ಲಿ ಬಳಕೆಗೆ ಬಂದಿತು. ಮರುವರ್ಷ ಟ್ವಿಟರ್ ಕಂಪನಿಯು ಆ ಆ್ಯಪನ್ನೇ ಕೊಂಡುಕೊಂಡು ತನ್ನ ಅಧಿಕೃತ ಆ್ಯಪನ್ನಾಗಿ ಮಾಡಿಕೊಂಡಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬರಹಗಳೆಲ್ಲವೂ ಶೇಖರವಾಗಿರುವುದು ಕಂಪನಿಯ ಯಂತ್ರಗಳಲ್ಲಿ. ಹೊರಗಿನವರೊಬ್ಬರು ತಮ್ಮ ಕೋಣೆಯಲ್ಲಿ ಕುಳಿತು ಅವನ್ನು ತರಿಸಿಕೊಂಡು, ತಮಗೆ ಸರಿತೋರಿದ ರೀತಿಯಲ್ಲಿ ಜನರ ಮುಂದೆ ಇಡುವುದು ಹೇಗೆ ಸಾಧ್ಯ?

ನಮ್ಮ ಹಳ್ಳಿಯ ಕೆರೆಯನ್ನು ನೆನೆಯೋಣ. ಏರಿಯನ್ನು ಎಲ್ಲೆಂದರಲ್ಲಿ ಕಡಿದು ಯಾರೂ ನೀರು ತೆಗೆದುಕೊಳ್ಳುವಂತಿಲ್ಲ. ನೀರು ಗದ್ದೆಗೆ ಬರತಕ್ಕ ದಾರಿ ತೂಬು. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಾನೆ. ಸಾಮಾಜಿಕ ಜಾಲತಾಣಗಳೂ ತಮ್ಮ ಶೇಖರಕ್ಕೆ ಇಂಥದೊಂದು ತೂಬನ್ನು ಇಟ್ಟಿರುತ್ತವೆ, ಎ.ಪಿ.ಐ. ಎಂದು ಅದರ ಹೆಸರು. ಯಾವ ಕೋರಿಕೆಯನ್ನು ಯಾವ ರೂಪದಲ್ಲಿ ಕಳುಹಿಸಿದರೆ ಯಾವ ರೂಪದ ಉತ್ತರ ಬರುತ್ತದೆ ಎಂಬ ನಿಯಮಗಳ ಸಮೂಹವೇ ಅದು. ಬರುವ ಉತ್ತರದಲ್ಲಿ ಅಂದಚಂದವೇನೂ ಇರುವುದಿಲ್ಲ. ಬರೆದವರ ಹೆಸರು ಇಂಥದು, ಬರೆದ ವೇಳೆ ಇಂಥದು, ಮೆಚ್ಚಿದವರು ಇಷ್ಟು ಮಂದಿ ಎಂದು ಜೇಸನ್ ಎಂಬ ಲಿಪಿಕ್ರಮದಲ್ಲಿ ಬರೆದ ಒಣ ಪಟ್ಟಿ ಮಾತ್ರ. ಅದಕ್ಕೆ ಅಕ್ಷರದ ಗಾತ್ರ, ಬಣ್ಣ, ಚಿತ್ರದ ಸ್ಥಾನ, ಬೆರಳಿನ ಸನ್ನೆಗಳನ್ನು ಕೊಟ್ಟು ಜೀವ ತುಂಬುವುದು ಆ್ಯಪ್ ರಚಿಸುವವರ ಕೆಲಸ.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ರೆಡಿಟ್ ಎಂಬುದು 2005ರಲ್ಲಿ ಆರಂಭವಾದ ಅಮೆರಿಕದ ಚರ್ಚಾತಾಣ. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ಕ್ರಿಶ್ಚಿಯನ್ ಸೆಲಿಗ್ ಎಂಬವರು ಅದನ್ನು ಐಫೋನಿನಲ್ಲಿ ಓದುವುದಕ್ಕಾಗಿ, ಬಹುಮಟ್ಟಿಗೆ ಒಬ್ಬರೇ ದುಡಿದು, 2017ರಲ್ಲಿ 'ಅಪೋಲೊ' ಎಂಬ ಆ್ಯಪನ್ನು ಹೊರತಂದರು.

ಅಪೋಲೊವಿನಂಥ ಆ್ಯಪು ರೆಡಿಟ್ಟಿಗೆ ಒಂದು ಕೋರಿಕೆ ಕಳುಹಿಸಿದರೆ ಸಾಮಾನ್ಯವಾಗಿ 25 ಬರಹಗಳು ಬರುತ್ತವೆ. ಓದುಗನು ಕೊನೆಯವರೆಗೆ ಸರಿದಾಗ ಮುಂದಿನ ಕಂತನ್ನು ಕೇಳಬೇಕು. 'ಎರಡನೆಯ ಪುಟ ಕೊಡು' ಎಂದು ಕೇಳಿದರೆ ಸಾಲದೆ? ಸಾಲದು. ನಾವು ಮೊದಲ ಪುಟವನ್ನು ಓದುತ್ತಿರುವಾಗಲೇ ಮೇಲ್ತುದಿಗೆ ಮೂರು ಹೊಸ ಬರಹಗಳು ಬಂದು ಸೇರಿದುವು ಎಂದು ಭಾವಿಸೋಣ. ಆಗ ಹಳೆಯವೆಲ್ಲ ಮೂರು ಸ್ಥಾನ ಕೆಳಗೆ ಸರಿಯುತ್ತವೆ. ನಾವು ಆಗಲೇ ಓದಿ ಮುಗಿಸಿದ 23, 24, 25ನೆಯ ಬರಹಗಳು ಎರಡನೆಯ ಪುಟದ ತಲೆಯಲ್ಲಿ ಮತ್ತೆ ಎದುರಾಗುತ್ತವೆ! ಆದುದರಿಂದ ಪುಟದ ಸಂಖ್ಯೆಯನ್ನು ಹೇಳದೆ, ಕೊನೆಯದಾಗಿ ಬಂದ ಬರಹದ ಗುರುತನ್ನು ಹೇಳಿ, 'ಇದರ ಮುಂದಿನವನ್ನು ಕೊಡು' ಎಂದು ಕೇಳುವುದು ಕ್ರಮ. ಪುಸ್ತಕದಲ್ಲಿ ನವಿಲುಗರಿಯಿಟ್ಟು ಮುಚ್ಚಿದಂತೆ. ಮುಂದೆ ಎಷ್ಟು ಹಾಳೆ ಸೇರಿಸಿದರೂ ಗರಿ ಇದ್ದಲ್ಲಿಯೇ ಇರುತ್ತದೆ. ಇಷ್ಟು ಸರಳವಾದ ಯುಕ್ತಿಯನ್ನು ಮರೆತು ರಚಿಸಿದ ಆ್ಯಪುಗಳನ್ನು ನಾವೂ ಬಳಸಿ ಬೇಸತ್ತಿದ್ದೇವೆ.

ಇನ್ನು ಗುಟ್ಟಿನ ವಿಷಯ. ನಮ್ಮ ಪಾಸ್‌ವರ್ಡನ್ನು ಹೊರಗಿನವರ ಆ್ಯಪಿಗೆ ಕೊಡುವುದು ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ. ಆ್ಯಪು ನಮ್ಮನ್ನು ಜಾಲತಾಣದ ಬಾಗಿಲಿಗೇ ಕಳುಹಿಸುತ್ತದೆ. ಅಲ್ಲಿ ನಾವು ಒಪ್ಪಿಗೆಯಿತ್ತರೆ ತಾಣವು ಆ್ಯಪಿಗೆ ಒಂದು ಟೋಕನನ್ನು ಕೊಡುತ್ತದೆ. ಬ್ಯಾಂಕುಗಳಲ್ಲಿ ಹಿಂದೆ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬೇಡವೆನಿಸಿದ ದಿನ ಬಿಲ್ಲೆಯನ್ನು ರದ್ದು ಮಾಡಬಹುದು, ಬೀಗ ಬದಲಾಯಿಸಬೇಕಾಗಿಲ್ಲ.

ಇದೆಲ್ಲಕ್ಕೆ ಆ್ಯಪ್ ರಚಿಸುವವರಿಗೆ ಖರ್ಚೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಉದಾಹರಣೆಗೆ, ಯಾರೋ ನಮಗೆ ಉತ್ತರ ಬರೆದೊಡನೆ ಫೋನು 'ಟಿಣ್' ಎನ್ನಬೇಕು. ಆದರೆ ಬ್ಯಾಟರಿ ಉಳಿಸುವ ಸಲುವಾಗಿ ಐಫೋನು ಯಾವ ಆ್ಯಪನ್ನೂ ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿರಲು ಬಿಡುವುದಿಲ್ಲ. ಆದುದರಿಂದ ಸೆಲಿಗ್ ಬೇರೆ ಸರ್ವರನ್ನು ಬಾಡಿಗೆಗೆ ಹಿಡಿಯಬೇಕಾಯಿತು. ಅದು ಬಳಕೆದಾರರ ಪರವಾಗಿ ಆಗಾಗ ರೆಡಿಟ್ಟನ್ನು ವಿಚಾರಿಸುತ್ತ, ಹೊಸತೇನಾದರೂ ಇದ್ದರೆ ಆ್ಯಪಲ್ ಕಂಪನಿಯ ಮೂಲಕ ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಆ್ಯಪನ್ನು ಒಮ್ಮೆ ಮಾರಿದರೆ ಹಣ ಒಮ್ಮೆ ಬರುತ್ತದೆ. ಸರ್ವರಿನ ಬಾಡಿಗೆಯನ್ನು ತಿಂಗಳು ತಿಂಗಳೂ ತೆರಬೇಕು. ವರ್ಷಕ್ಕೆ ಸುಮಾರು 10 ಡಾಲರಿನ ಚಂದಾ ಬಂದುದು ಈ ಕಾರಣದಿಂದ.

ರೆಡಿಟ್ಟಿನ ತೂಬು 2008ರಿಂದ ಹಣವಿಲ್ಲದೆ ತೆರೆದಿತ್ತು. 2023ರ ಮೇ 31ರಂದು ಹೊಸ ದರವನ್ನು ಸೆಲಿಗ್ ಬಹಿರಂಗಪಡಿಸಿದರು: 5 ಕೋಟಿ ಕೋರಿಕೆಗಳಿಗೆ 12,000 ಡಾಲರ್. ಹಿಂದಿನ ತಿಂಗಳು ಅಪೋಲೊ ಕಳುಹಿಸಿದ್ದ ಕೋರಿಕೆಗಳು 700 ಕೋಟಿ. ಲೆಕ್ಕವನ್ನು ನಾವೇ ಮಾಡಿ ನೋಡೋಣ. 700ನ್ನು 5ರಿಂದ ಭಾಗಿಸಿದರೆ 140. ಅದನ್ನು 12,000ದಿಂದ ಗುಣಿಸಿದರೆ ತಿಂಗಳಿಗೆ 16,80,000 ಡಾಲರ್. ವರ್ಷಕ್ಕೆ 2 ಕೋಟಿ ಡಾಲರಿಗೂ ಮೀರಿದ ಮೊತ್ತ. ಅಪೋಲೊವಿನ ಸಾಮಾನ್ಯ ಬಳಕೆದಾರನೊಬ್ಬನು ದಿನಕ್ಕೆ 344 ಕೋರಿಕೆಗಳನ್ನು ಕಳುಹಿಸುತ್ತಿದ್ದನು. ಅಂದರೆ ಅವನೊಬ್ಬನಿಗೇ ತಿಂಗಳಿಗೆ ಸುಮಾರು ಎರಡೂವರೆ ಡಾಲರ್, ವರ್ಷಕ್ಕೆ 30 ಡಾಲರ್. ಅವನಿಂದ ಬರುತ್ತಿದ್ದ ಚಂದಾ 10! ಚಿತ್ರಗಳನ್ನು ಶೇಖರಿಸುವ ಇಮ್ಗುರ್ ಎಂಬ ತಾಣಕ್ಕೆ ಅಷ್ಟೇ 5 ಕೋಟಿ ಕೋರಿಕೆಗಳಿಗಾಗಿ ಸೆಲಿಗ್ ಕೊಡುತ್ತಿದ್ದುದು 166 ಡಾಲರ್.

ರೆಡಿಟ್ಟಿನ ಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆಂದು ನಾವು ಹೇಳಲಾರೆವು. ಕೆರೆಯ ಹೂಳೆತ್ತುವ ಖರ್ಚು ಕೆರೆಯವನದೇ. ರೆಡಿಟ್ಟಿನ ಜಾಹೀರಾತು ಹೊರಗಿನವರ ಆ್ಯಪುಗಳಲ್ಲಿ ಕಾಣುತ್ತಿರಲಿಲ್ಲ. ಮೇಲಾಗಿ ಆ ವೇಳೆಗೆ ಕೃತಕ ಬುದ್ಧಿಯ ಕಂಪನಿಗಳು ತಮ್ಮ ಯಂತ್ರಗಳಿಗೆ ಭಾಷೆ ಕಲಿಸಲು ಇದೇ ನೀರನ್ನು ಸೇದುತ್ತಿದ್ದುವು. ಅದಕ್ಕೆ ಬೆಲೆ ಬರಬೇಕೆಂದು ರೆಡಿಟ್ ಬಯಸಿತು. 2024ರ ಫೆಬ್ರವರಿಯಲ್ಲಿ ಗೂಗಲ್ ಅದಕ್ಕಾಗಿ ಒಪ್ಪಂದವನ್ನೂ ಮಾಡಿಕೊಂಡಿತು. ಆದರೆ ಹೊಸ ದರವು ಜಾರಿಗೆ ಬರಲಿದ್ದುದು ಜುಲೈ 1ರಿಂದ. ವರ್ಷದ ಚಂದಾ ಪಡೆದು ಕುಳಿತ ಒಬ್ಬ ಮನುಷ್ಯನಿಗೆ ಒಂದು ತಿಂಗಳ ಅವಧಿ ಏತಕ್ಕೆ ಸಾಲುತ್ತದೆ? ದರಕ್ಕಿಂತಲೂ ಈ ಅವಸರವೇ ಹೆಚ್ಚು ಕಠಿಣವಾಗಿತ್ತೆಂದು ನಮಗೆ ತೋರುತ್ತದೆ.

ಜೂನ್ 12ರಿಂದ ರೆಡಿಟ್ಟಿನ ಸಾವಿರಾರು ಚರ್ಚಾಕೂಟಗಳು ಎರಡು ದಿನ ಬಾಗಿಲು ಮುಚ್ಚಿ ಪ್ರತಿಭಟಿಸಿದುವು. ಅವರ ದೂರುಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಕಣ್ಣು ಕಾಣದವರು ತೆರೆಯ ಮೇಲಿನ ಬರಹವನ್ನು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ. ಇದಕ್ಕಾಗಿ ಪ್ರತಿಯೊಂದು ಗುಂಡಿಗೂ ಆ್ಯಪ್ ರಚಿಸುವವರು ಹೆಸರು ಕೊಟ್ಟಿರಬೇಕು. ಕೊಡದಿದ್ದರೆ ಫೋನು ಬರಿದೆ 'ಗುಂಡಿ, ಗುಂಡಿ' ಎನ್ನುತ್ತದೆ. ಈ ಕೆಲಸವನ್ನು ಅಧಿಕೃತ ಆ್ಯಪಿಗಿಂತ ಹೊರಗಿನವರ ಆ್ಯಪುಗಳು ಚೆನ್ನಾಗಿ ಮಾಡಿದ್ದುವು. ಕೊನೆಗೆ, ಅಂಗವಿಕಲರಿಗಾಗಿಯೇ ಇರುವ, ಲಾಭ ಬಯಸದ ಕೆಲವು ಆ್ಯಪುಗಳಿಗೆ ರೆಡಿಟ್ ವಿನಾಯಿತಿ ಕೊಟ್ಟಿತು. ಅಪೋಲೊ 2023ರ ಜೂನ್ 30ರಂದು ನಿಂತುಹೋಯಿತು. ಉಳಿದ ತಿಂಗಳುಗಳ ಚಂದಾವನ್ನು ಹಿಂದಿರುಗಿಸಲು ಸುಮಾರು 2,50,000 ಡಾಲರ್ ಬೇಕಾಗುವುದೆಂದು ಸೆಲಿಗ್ ಲೆಕ್ಕ ಹಾಕಿದ್ದರು. 'ನನಗೆ ಹಣ ಬೇಡ' ಎಂದು ಒತ್ತಬಹುದಾದ ಒಂದು ಗುಂಡಿಯನ್ನು ಆ್ಯಪಿನಲ್ಲಿ ಇಟ್ಟರು; ಅವರು ಅದಕ್ಕೆ ಜೋಡಿಸಿದ ಕೊನೆಯ ಸೌಕರ್ಯಗಳಲ್ಲಿ ಅದೂ ಒಂದು.

ಅದೇ ವರ್ಷದ ಜನವರಿ 12ರಂದು ಟ್ವಿಟರ್ ಇನ್ನೂ ನಿಷ್ಠುರವಾಗಿ, ಮುನ್ಸೂಚನೆಯನ್ನೇ ಕೊಡದೆ ತೂಬನ್ನು ಮುಚ್ಚಿತ್ತು. ಇಬ್ಬರು ಸ್ಥಾಪಿಸಿದ ಟ್ಯಾಪ್‌ಬಾಟ್ಸ್ ಸಂಸ್ಥೆಯ 'ಟ್ವೀಟ್‌ಬಾಟ್' ಎಂಬ ಪ್ರಸಿದ್ಧ ಆ್ಯಪು ಒಂದೇ ರಾತ್ರಿಯಲ್ಲಿ ಬರಡಾಯಿತು. ಆದರೆ ಅವರು ಆಗಲೇ ಮಾಸ್ಟೊಡಾನ್ ಎಂಬ ಬೇರೊಂದು ಜಾಲಕ್ಕಾಗಿ 'ಐವರಿ' ಎಂಬ ಆ್ಯಪನ್ನು ಸಿದ್ಧಪಡಿಸುತ್ತಿದ್ದರು. ಮಾಸ್ಟೊಡಾನ್ ಒಂದೇ ಕೆರೆಯಲ್ಲ; ಬೇರೆ ಬೇರೆಯವರು ನಡೆಸುವ ಸಾವಿರಾರು ಸಣ್ಣ ಕೆರೆಗಳ ಸರಣಿ. ಒಂದರಿಂದ ಇನ್ನೊಂದಕ್ಕೆ ನೀರು ಹರಿಯುವ ನಿಯಮಕ್ಕೆ ಆ್ಯಕ್ಟಿವಿಟಿಪಬ್ ಎಂದು ಹೆಸರು. 2018ರಿಂದ ಅದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿನ ಅಂಗೀಕೃತ ಮಾನಕ. ಸಾಲಿನಲ್ಲಿ ಒಂದು ಕೆರೆಯವನು ತೂಬು ಮುಚ್ಚಿದರೂ ಉಳಿದವು ಹರಿಯುತ್ತವೆ. ಐವರಿ ಜನವರಿ 24ರಂದೇ ಹೊರಬಂದಿತು. ಟ್ವೀಟ್‌ಬಾಟಿನಲ್ಲಿ ವರ್ಷಗಟ್ಟಲೆ ತಿದ್ದಿ ತೀಡಿದ ಸನ್ನೆಗಳೂ ಸೊಬಗೂ ಅದರಲ್ಲಿ ಹಾಗೆಯೇ ಇದ್ದುವು. ಟ್ವಿಟರಿನಲ್ಲಿದ್ದ ಗೆಳೆಯರೆಲ್ಲರೂ ಮಾತ್ರ ಅಲ್ಲಿಗೆ ಬಂದಿರಲಿಲ್ಲ.